ಗಣಕಯಂತ್ರದ ಹೊಲದಲ್ಲಿ ಬಯಲುಸೀಮೆಯ ರೈತ

ಜ್ಯೇಷ್ಠ ಮಾಸ ಕಳೆಯುತ್ತ ಬಂದಂತೆ ದೊಡ್ಡಬಳ್ಳಾಪುರದ ಕಡೆಯ ಯಾವ ಹಳ್ಳಿಗೆ ಹೋದರೂ ಅರಳಿಕಟ್ಟೆಯ ಮೇಲೆ ನಡೆಯುವ ಮಾತು ಒಂದೇ. ಈಗ ಬಿದ್ದ ಹದಕ್ಕೆ ರಾಗಿ ಬಿತ್ತಿಬಿಡುವುದೋ, ಇನ್ನೊಂದು ಮಳೆಯ ದಾರಿ ನೋಡುವುದೋ? ಬಿತ್ತಿದ ಮೇಲೆ ಪುನರ್ವಸು ಕೈಕೊಟ್ಟರೆ ಗತಿಯೇನು? ಪುಷ್ಯದವರೆಗೆ ತಡೆದರೆ ಹಸ್ತ ಚಿತ್ತೆಗಳ ಹೊತ್ತಿಗೆ ತೆನೆ ಕಾಳುಗಟ್ಟೀತೇ? ಹೀಗೆ ‘ಬಂದರೆ’, ‘ಹೋದರೆ’ಗಳನ್ನು ಒಂದರ ಮೇಲೊಂದು ಪೇರಿಸಿ, ಮುಂದಿನ ನಾಲ್ಕು ತಿಂಗಳ ಬೇಸಾಯವನ್ನೆಲ್ಲ ಮನಸ್ಸಿನಲ್ಲಿಯೇ ಒಮ್ಮೆ ಮಾಡಿ ಮುಗಿಸಿ, ಅನಂತರ ಕೂರಿಗೆ ಕಟ್ಟುವುದು ನಮ್ಮ ರೈತರ ಹಳೆಯ ಪದ್ಧತಿ. ಕಳೆದ ಐವತ್ತು ಅರವತ್ತು ವರ್ಷಗಳಿಂದ ವಿಜ್ಞಾನಿಗಳು ಗಣಕಯಂತ್ರದ ಮುಂದೆ ಕುಳಿತು ಮಾಡುತ್ತಿರುವ ಕೆಲಸವೂ ಹೆಚ್ಚುಕಡಿಮೆ ಇದೇ. ಮಣ್ಣು, ಮಳೆ, ಬೆಳೆ, ಕೊನೆಗೆ ರೈತನನ್ನೂ ಅಂಕಿಗಳಾಗಿ ಮಾಡಿ ಯಂತ್ರದೊಳಗಿಟ್ಟು, ಒಂದು ವರ್ಷದ ಬೇಸಾಯವನ್ನು ಕ್ಷಣಮಾತ್ರದಲ್ಲಿ ನಡೆಸಿ ನೋಡುತ್ತಾರೆ. ಇದನ್ನು ಅಣಕು ಬೇಸಾಯವೆಂದು ಕರೆದರೆ ತಪ್ಪಾಗಲಾರದು. ಹವಾಗುಣವೇ ಬದಲಾಗುತ್ತಿದೆಯೆಂದು ಲೋಕವೆಲ್ಲ ಚಿಂತಿಸುತ್ತಿರುವ ಈ ಕಾಲದಲ್ಲಿ, ರೈತರು ಆ ಬದಲಾವಣೆಗೆ ಹೇಗೆ ಹೊಂದಿಕೊಳ್ಳುತ್ತಾರೆಂಬುದನ್ನು ತಿಳಿಯಲು ಈ ಉಪಾಯವನ್ನು ಹೆಚ್ಚು ಹೆಚ್ಚಾಗಿ ಬಳಸುತ್ತಿದ್ದಾರೆ. ಈ ವಿದ್ಯೆ ನಮ್ಮ ಜಿಲ್ಲೆಯನ್ನು ಕುರಿತು ಏನು ಹೇಳಿದೆ ಎಂಬುದು ಕೇಳತಕ್ಕ ವಿಷಯ.

ಆದರೆ ಯಂತ್ರದ ಕಥೆಗೆ ಮೊದಲು ಮಳೆಯ ಕಥೆಯನ್ನು ಹೇಳಬೇಕು. ಧಾತು ಈಶ್ವರ ಸಂವತ್ಸರಗಳ ಬರವೆಂದು ನಮ್ಮ ಹಿರಿಯರು ಕರೆಯುತ್ತಿದ್ದ ೧೮೭೬-೭೮ರ ಮಹಾಕ್ಷಾಮದ ಹೆಸರನ್ನು ಕೇಳದವರು ಕಡಿಮೆ. ೧೮೭೧ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ೫೦ ಲಕ್ಷವನ್ನು ಮೀರಿತ್ತು. ೧೮೮೧ರಲ್ಲಿ ಮತ್ತೆ ಎಣಿಸಿದಾಗ ೪೨ ಲಕ್ಷವೂ ಇರಲಿಲ್ಲ. ಮಳೆ ಎರಡು ವರ್ಷ ತಪ್ಪಿದರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ಲೆಕ್ಕ ಬೇಕಿಲ್ಲ. ಹಾಗೆಂದು ಆ ಕಾಲದ ರೈತ ಕೈಕಟ್ಟಿ ಕುಳಿತವನಲ್ಲ. ವರ್ಷಗಟ್ಟಲೆ ಕೆಡದ ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದ. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಹಾಕಿ, ಒಂದು ಹೋದರೆ ಇನ್ನೊಂದು ಉಳಿಯಲಿ ಎಂದು ನೋಡಿಕೊಳ್ಳುತ್ತಿದ್ದ. ಹಿಂದಿನ ಬಿತ್ತನೆ ಒಣಗಿದರೆ ಒಟ್ಟಲು ಹಾಕಿದ ಪೈರನ್ನು ನಾಟಿ ಮಾಡುತ್ತಿದ್ದ. ಇವೆಲ್ಲ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಇಳಿದುಬಂದ ಉಪಾಯಗಳು. ಒಂದು ವರ್ಷದ ಅಪಾಯವನ್ನು ಅವು ತಡೆಯುತ್ತಿದ್ದವು. ಎರಡು ವರ್ಷ ಸತತವಾಗಿ ಬಂದದ್ದನ್ನು ತಡೆಯಲಾರದೆ ಹೋದವು.

ನಂದಿಬೆಟ್ಟದಲ್ಲಿ ಹುಟ್ಟಿ, ದೊಡ್ಡಬಳ್ಳಾಪುರದ ನಾಗರಕೆರೆಯನ್ನು ಹಾದು, ಹೆಸರಘಟ್ಟದ ಮೂಲಕ ತಿಪ್ಪಗೊಂಡನಹಳ್ಳಿಗೆ ಹೋಗುವ ಅರ್ಕಾವತಿಯು ಈ ಸೀಮೆಯ ಜೀವನದಿ. ಶಿವಗಂಗೆಯ ಕಡೆಯಿಂದ ನೆಲಮಂಗಲ ತಾಲ್ಲೂಕಿನ ನೀರನ್ನು ತರುವ ಕುಮುದ್ವತಿಯೂ ತಿಪ್ಪಗೊಂಡನಹಳ್ಳಿಯಲ್ಲಿಯೇ ಬಂದು ಸೇರುತ್ತದೆ. ಬೆಂಗಳೂರಿಗೆ ಕುಡಿಯುವ ನೀರು ಬೇಕಾದಾಗ ೧೮೯೪ರಲ್ಲಿ ಹೆಸರಘಟ್ಟದ ಕೆರೆಯನ್ನು ದೊಡ್ಡದು ಮಾಡಿದರು. ಅದು ಸಾಲದೆ ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿ ಚಾಮರಾಜಸಾಗರ ಎದ್ದಿತು. ಕಾವೇರಿಯ ನೀರು ಬರುವವರೆಗೆ ನಗರದ ನಲ್ಲಿಗಳಲ್ಲಿ ಹರಿದದ್ದು, ದೊಡ್ಡಬಳ್ಳಾಪುರ ನೆಲಮಂಗಲಗಳ ಹೊಲಗಳ ಮೇಲೆ ಬಿದ್ದು ಹರಿದು ಬಂದ ಮಳೆಯೇ. ಈ ಮಾತನ್ನು ನಮ್ಮ ನಗರವಾಸಿಗಳು ಈಗ ಮರೆತಿದ್ದಾರೆ. ಆ ನದಿ ೧೯೭೦ರ ತರುವಾಯ ಸೊರಗುತ್ತ ಬಂದು, ಈ ಶತಮಾನ ಹುಟ್ಟುವ ಹೊತ್ತಿಗೆ ಮಳೆಗಾಲದಲ್ಲಿಯೂ ಹರಿಯುವುದು ಅಪರೂಪವಾಯಿತು. ನದಿ ಬತ್ತಿದ್ದೇಕೆ? ಮಳೆ ಕಡಿಮೆಯಾಯಿತು ಎಂಬುದು ಎಲ್ಲರ ಬಾಯಲ್ಲಿದ್ದ ಉತ್ತರ. ಇದು ನಿಜವೋ ಸುಳ್ಳೋ ಎಂದು ನೋಡಲು ಹೊರಟವರಿಗೆ ಅಣಕು ಬೇಸಾಯದ ಲೆಕ್ಕ ಬಹಳ ಉಪಕಾರಕ್ಕೆ ಬಂದಿತು. ಅದಕ್ಕೆ ಮುಂಚೆ, ಈ ಲೆಕ್ಕ ನಡೆಯುವ ಬಗೆಯನ್ನು ಸ್ವಲ್ಪ ವಿವರಿಸುವುದು ಅವಶ್ಯ.

ಯಂತ್ರವೆಂದೊಡನೆ ಗಾಬರಿಯಾಗಬೇಕಾದ್ದಿಲ್ಲ. ಲೆಕ್ಕದ ಪುಸ್ತಕವೊಂದನ್ನು ತೆಗೆದುಕೊಂಡು ದಿನಕ್ಕೊಂದು ಗೆರೆ ಬರೆಯುತ್ತ ಹೋದರೆ ಮನೆಯಲ್ಲಿಯೇ ಇದನ್ನು ಮಾಡಬಹುದು. ಹೊಲದ ಮಣ್ಣನ್ನು ಒಂದು ಗುಡಾಣವೆಂದು ತಿಳಿಯಿರಿ. ಮಳೆ ಬಂದ ದಿನ ಅದಕ್ಕೆ ಅಷ್ಟು ನೀರು ಬಿತ್ತು. ಗುಡಾಣ ತುಂಬಿ ಮಿಕ್ಕದ್ದು ಹರಿದು ಹೋಯಿತು, ಇಲ್ಲವೆ ಆಳಕ್ಕೆ ಇಳಿಯಿತು. ಬಿಸಿಲಿಗೆ ಇಷ್ಟು ಆರಿತು; ಬೆಳೆ ಇಷ್ಟು ಕುಡಿಯಿತು. ಎಳೆಯ ಪೈರಿನ ಬಾಯಾರಿಕೆ ಕಡಿಮೆ, ಹೊಡೆ ತಿರುಗುವಾಗ ಹೆಚ್ಚು. ಗುಡಾಣ ಬರಿದಾದ ದಿನ ಪೈರು ಬಾಡಿತು, ಇಳುವರಿಯಲ್ಲಿ ಇಷ್ಟು ಕಳೆ. ಮರುದಿನ ಮತ್ತೆ ಹೊಸ ಗೆರೆ. ಒಂದು ಬೆಳೆಗೆ ನೂರು ನೂರಿಪ್ಪತ್ತು ಗೆರೆಗಳಾದವು. ಮನುಷ್ಯನಿಗೆ ಒಂದು ಬೆಳೆಯ ಲೆಕ್ಕ ಮುಗಿಯುವುದರೊಳಗೆ ಬೇಸರ ಬರುತ್ತದೆ. ಯಂತ್ರ ನೂರು ವರ್ಷದ ಮಳೆಯ ದಾಖಲೆಯನ್ನು ಕೊಟ್ಟರೂ ಬೇಸರಿಸದೆ ಮುಗಿಸಿ, ‘ಇಂಥ ದಿನ ಬಿತ್ತಿದ್ದರೆ ನೂರರಲ್ಲಿ ಇಷ್ಟು ವರ್ಷ ಬೆಳೆ ಕೈಗೆ ಬರುತ್ತಿತ್ತು’ ಎಂದು ಹೇಳುತ್ತದೆ. ಹಾಲೆಂಡಿನ ವಾಗೆನಿಂಗೆನ್ ಕೃಷಿ ವಿದ್ಯಾಪೀಠದಲ್ಲಿ ಸಿ. ಟಿ. ಡಿ ವಿಟ್ ಎಂಬ ವಿದ್ವಾಂಸರು ೧೯೬೦ರ ದಶಕದಲ್ಲಿ ಈ ಬಗೆಯ ಲೆಕ್ಕಕ್ಕೆ ಅಡಿಪಾಯ ಹಾಕಿದರು. ಮುಂದೆ ಅಮೆರಿಕೆಯಲ್ಲಿ ಗೋಧಿ, ಜೋಳ, ಕಡಲೆಕಾಯಿ ಒಂದೊಂದಕ್ಕೂ ಒಂದೊಂದು ಲೆಕ್ಕ ಸಿದ್ಧವಾಯಿತು.

ಈ ವಿದ್ಯೆ ಕನ್ನಡನಾಡಿನ ರೈತನ ಹೊಲಕ್ಕೆ ಬಂದದ್ದು ತುಮಕೂರು ಜಿಲ್ಲೆಯ ಪಾವಗಡದಲ್ಲಿ. ನಮ್ಮ ಊರಿನವರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಮಂದಿರದಲ್ಲಿ ಮುಂಗಾರಿನ ಅಧ್ಯಯನ ನಡೆಸಿದ ಸುಲೋಚನಾ ಗಾಡ್ಗೀಳ್ ಅವರು, ಆ ಸೀಮೆಯ ಬೇಸಾಯವನ್ನು ಒಳಗಿನಿಂದ ಬಲ್ಲ ಪಿ. ಆರ್. ಶೇಷಗಿರಿ ರಾವ್ ಮೊದಲಾದವರೊಡನೆ ಕೂಡಿ, ಮಳೆಯಾಶ್ರಿತ ಕಡಲೆಕಾಯಿಯನ್ನು ಫ್ಲಾರಿಡಾದವರು ರೂಪಿಸಿದ ‘ಪಿನಟ್‌ಗ್ರೋ’ ಲೆಕ್ಕಕ್ಕೆ ಹಾಕಿ ನೋಡಿದರು. ಅವರ ಪ್ರಶ್ನೆ ಹುಟ್ಟಿದ ರೀತಿ ನನಗೆ ಬಹಳ ಹಿಡಿಸಿತು. ಹಿಂದೆ ಆ ಸೀಮೆಯವರು ಸಜ್ಜೆ, ನವಣೆ, ಹುರುಳಿ ಮುಂತಾದ ಹತ್ತು ಬೆಳೆ ಬೆಳೆಯುತ್ತಿದ್ದರು; ಯಾವ ಮಳೆಗೆ ಯಾವುದನ್ನು ಬಿತ್ತಬೇಕೆಂಬ ತಿಳಿವಳಿಕೆ ತಲೆಮಾರುಗಳಿಂದ ಹಣ್ಣಾಗಿತ್ತು. ಎಣ್ಣೆಕಾಳಿಗೆ ಬೆಲೆ ಬಂದು ಕೆಲವೇ ದಶಕಗಳಲ್ಲಿ ಹೊಲವೆಲ್ಲ ಕಡಲೆಕಾಯಿಯಾದ ಮೇಲೆ, ಆ ಹೊಸ ಬೆಳೆಗೆ ತಕ್ಕ ಅನುಭವ ಮಾಗಲು ಕಾಲವೆಲ್ಲಿತ್ತು? ತಾತನಿಗೆ ಗೊತ್ತಿದ್ದದ್ದು ಸಜ್ಜೆಯ ಲೆಕ್ಕ. ಮೊಮ್ಮಗ ಬಿತ್ತುತ್ತಿರುವುದು ಕಡಲೆಕಾಯಿ. ಆ ಅನುಭವದ ಕೊರತೆಯನ್ನು ಯಂತ್ರದಿಂದ ತುಂಬಬಹುದೇ ಎಂಬುದೇ ಅವರ ಪ್ರಶ್ನೆ. ಹಲವು ದಶಕಗಳ ಮಳೆಯನ್ನು ಹಾಕಿ ಲೆಕ್ಕ ಮಾಡಿದಾಗ, ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ರೈತರು ಬಿತ್ತುತ್ತಿದ್ದ ಕಾಲ ಒಟ್ಟಿನಲ್ಲಿ ಸರಿಯಾದದ್ದೇ ಎಂದು ಕಂಡಿತು. ಆದರೆ ಮೊದಲ ಹದಕ್ಕೇ ಆತುರಪಡುವುದಕ್ಕಿಂತ ಜುಲೈ ನಡುವಿನ ತರುವಾಯ ಬಿತ್ತಿದರೆ ನಷ್ಟದ ಭಯ ಕಡಿಮೆ ಎಂಬುದೂ ಹೊರಬಿದ್ದಿತು. ತಡವಾಗಿ ಬಿತ್ತಿದರೆ ಹೂವಾಗಿ ಕಾಯಿ ಕಟ್ಟುವ ಕಾಲ ಸೆಪ್ಟೆಂಬರ್ ಅಕ್ಟೋಬರಿನ ದೊಡ್ಡ ಮಳೆಗಳೊಡನೆ ಕೂಡಿಬರುತ್ತದೆ. ಹದ ಬಿದ್ದ ಹೊಲವನ್ನು ನೋಡುತ್ತ ಸುಮ್ಮನೆ ಕುಳಿತಿರಲು ಎಷ್ಟು ಧೈರ್ಯ ಬೇಕೆಂಬುದು ಬೇಸಾಯಗಾರರಿಗೇ ಗೊತ್ತು!

ಇಲ್ಲಿಯವರೆಗೆ ಯಂತ್ರದೊಳಗೆ ಇದ್ದದ್ದು ಹೊಲವೊಂದೇ. ರೈತನನ್ನೂ ಒಳಗೆ ಕೂರಿಸುವುದು ಹೆಚ್ಚಿನ ಸಾಹಸ. ಬೆಳೆ ಮಳೆಗೆ ತಕ್ಕಂತೆ ನಡೆಯುತ್ತದೆ. ರೈತ ಮಳೆಯನ್ನೂ ನೋಡುತ್ತಾನೆ, ಪೇಟೆಯ ಧಾರಣೆಯನ್ನೂ ನೋಡುತ್ತಾನೆ, ಎಲ್ಲಕ್ಕಿಂತ ಹೆಚ್ಚಾಗಿ ಪಕ್ಕದ ಹೊಲದವನನ್ನು ನೋಡುತ್ತಾನೆ. ಇದನ್ನು ಯಂತ್ರಕ್ಕೆ ಮೊದಲು ಕಲಿಸಿದವರಲ್ಲಿ ಸ್ಟೀಫನ್ ಲಾನ್ಸಿಂಗ್ ಮತ್ತು ಜೇಮ್ಸ್ ಕ್ರೆಮರ್ ಪ್ರಸಿದ್ಧರು. ಅವರು ಆರಿಸಿಕೊಂಡದ್ದು ಇಂಡೊನೇಷ್ಯದ ಬಾಲಿ ದ್ವೀಪವನ್ನು. ಅಲ್ಲಿನ ಭತ್ತದ ಗದ್ದೆಗಳಿಗೆ ನೀರು ಬಿಡುವ ಸರದಿಯನ್ನು ತಲೆತಲಾಂತರದಿಂದ ನೀರಿನ ದೇವಾಲಯಗಳು ಗೊತ್ತುಮಾಡುತ್ತಿದ್ದವು. ೧೯೭೦ರ ದಶಕದಲ್ಲಿ ಹೊಸ ತಳಿಗಳು ಬಂದು, ಯಾರು ಬೇಕಾದರೂ ಯಾವಾಗ ಬೇಕಾದರೂ ಬೆಳೆಯಿರಿ ಎಂದು ಸರ್ಕಾರ ಹೇಳಿತು. ಒಂದು ಗದ್ದೆಯ ಹುಳು ಇನ್ನೊಂದಕ್ಕೆ ಹಾರಿ ಬೆಳೆಗಳು ನಾಶವಾದವು. ಲಾನ್ಸಿಂಗ್ ಮತ್ತು ಕ್ರೆಮರ್ ಎರಡು ನದಿಗಳ ದಡದ ೧೭೨ ನೀರಾವರಿ ಸಂಘಗಳನ್ನು ಯಂತ್ರದೊಳಗಿಟ್ಟು, ಪ್ರತಿ ಸಂಘಕ್ಕೂ ಒಂದೇ ಒಂದು ಬುದ್ಧಿ ಕೊಟ್ಟರು: ಸುಗ್ಗಿ ಮುಗಿದ ಮೇಲೆ ನೆರೆಯವರನ್ನು ನೋಡು, ನಿನಗಿಂತ ಹೆಚ್ಚು ಬೆಳೆದಿದ್ದರೆ ಅವರ ಬಿತ್ತನೆಯ ಕ್ರಮವನ್ನೇ ಹಿಡಿ. ಹತ್ತಾರು ಸುಗ್ಗಿ ಕಳೆಯುವುದರೊಳಗೆ ಯಂತ್ರದೊಳಗಿನ ಸಂಘಗಳು ತಾವೇ ಗುಂಪುಗೂಡಿ ಸರದಿ ಏರ್ಪಡಿಸಿಕೊಂಡವು. ಆ ಗುಂಪುಗಳು ನಿಜವಾದ ದೇವಾಲಯಗಳ ಏರ್ಪಾಟನ್ನು ಬಹುಮಟ್ಟಿಗೆ ಹೋಲುತ್ತಿದ್ದವು! ೧೯೯೩ರಲ್ಲಿ ಪ್ರಕಟವಾದ ಈ ಪರಿಣಾಮ ವಿದ್ವಾಂಸರನ್ನು ಬೆರಗುಗೊಳಿಸಿತು. ನಮ್ಮಲ್ಲಿಯೂ ಕೆರೆಯ ತೂಬು ಎತ್ತಿ ಸರದಿಯಂತೆ ನೀರು ಬಿಡಲು ನೀರುಗಂಟಿಗಳಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಕೆರೆ ತುಂಬುವುದೇ ನಿಂತ ಊರಿನಲ್ಲಿ ಆ ಕೆಲಸಕ್ಕೆ ಅರ್ಥವೆಲ್ಲಿ?

ಬಾಲಿಯಲ್ಲಿ ನೆರೆಯವನನ್ನು ನೋಡಿ ಮಾಡಿದ್ದು ಎಲ್ಲರಿಗೂ ಹಿತವಾಯಿತು. ನಮ್ಮ ಬಯಲುಸೀಮೆಯಲ್ಲಿ ಹಾಗಾಗಲಿಲ್ಲ. ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿ ಎಂಬಲ್ಲಿ ೮೪ ಚದರ ಕಿಲೋಮೀಟರಿನ ಒಂದು ಜಲಾನಯನವಿದೆ. ವಿಜ್ಞಾನ ಮಂದಿರದವರೂ ಫ್ರಾನ್ಸಿನ ವಿಜ್ಞಾನಿಗಳೂ ಸೇರಿ ವರ್ಷಗಳ ಕಾಲ ಅಲ್ಲಿಯ ಮಳೆ, ಮಣ್ಣು, ಅಂತರ್ಜಲಗಳನ್ನು ಅಳೆದಿದ್ದಾರೆ. ಕಳೆದ ದಶಕದಲ್ಲಿ ಅವರು ಹಳ್ಳಿಹಳ್ಳಿಗಳಲ್ಲಿ ರೈತರನ್ನು ಮಾತನಾಡಿಸಿ, ಅವರು ತೀರ್ಮಾನ ಮಾಡುವ ಬಗೆಯನ್ನು ಬರೆದುಕೊಂಡು, ‘ನಮಸ್ತೆ’ ಎಂಬ ಸೊಗಸಾದ ಹೆಸರಿನ ಲೆಕ್ಕವನ್ನು ಕಟ್ಟಿದರು. ಅದರೊಳಗಿನ ರೈತ ಮೂರು ಬಗೆಯ ಯೋಚನೆ ಮಾಡುತ್ತಾನೆ. ಕೊಳವೆಬಾವಿ ಕೊರೆಸುವುದೋ ಬೇಡವೋ ಎಂಬುದು ವರ್ಷಗಟ್ಟಲೆಯ ಯೋಚನೆ. ಅರಿಸಿನವೋ ಸೂರ್ಯಕಾಂತಿಯೋ ಜೋಳವೋ ಎಂಬುದು ಹಂಗಾಮಿನ ಯೋಚನೆ. ಇಂದು ನೀರು ಹಾಯಿಸಬೇಕೇ ಎಂಬುದು ದಿನದ ಯೋಚನೆ. ರೈತರೆಲ್ಲರೂ ಒಂದೇ ಅಚ್ಚಿನವರಲ್ಲವೆಂದು ತಿಳಿದು, ದೊಡ್ಡ ಹಿಡುವಳಿಯವರು, ಮಳೆಯನ್ನೇ ನಂಬಿದ ಸಣ್ಣವರು, ಬಾವಿ ಇರುವ ಸಣ್ಣವರು ಎಂದು ಮೂರು ತೆರನಾಗಿ ಬೇರೆ ಮಾಡಿದರು. ಒಬ್ಬ ನೀರೆತ್ತಿದರೆ ಅಂತರ್ಜಲ ಇಳಿಯುತ್ತದೆ. ಅದು ಇಳಿದಾಗ ಇನ್ನೊಬ್ಬನ ಬಾವಿ ಒಣಗುತ್ತದೆ. ಅವನು ಇನ್ನೂ ಆಳಕ್ಕೆ ಕೊರೆಸುತ್ತಾನೆ, ಇಲ್ಲವೆ ಸಾಲ ಹೊತ್ತು ಖುಷ್ಕಿಗೆ ಹಿಂದಿರುಗುತ್ತಾನೆ. ಈ ಹೆಣಿಗೆಯನ್ನು ಯಂತ್ರದೊಳಗೆ ತಂದದ್ದೇ ಆ ಕೆಲಸದ ಹಿರಿಮೆ. ನಾಳಿನ ಹವಾಗುಣ ಹೀಗಾದರೆ, ವಿದ್ಯುತ್ತಿನ ದರ ಹಾಗಾದರೆ, ರೈತ ಏನು ಮಾಡಿಯಾನು, ಅವನು ಮಾಡಿದ್ದರಿಂದ ನೀರು ಏನಾದೀತು ಎಂದು ಈಗ ಕೇಳಬಹುದಾಗಿದೆ.

ಈಗ ಅರ್ಕಾವತಿಗೆ ಹಿಂದಿರುಗೋಣ. ಬೆಂಗಳೂರಿನ ‘ಏಟ್ರಿ’ ಸಂಸ್ಥೆಯ ವೀಣಾ ಶ್ರೀನಿವಾಸನ್, ಶರಚ್ಚಂದ್ರ ಲೇಲೆ ಮೊದಲಾದವರು ಹವಾಗುಣ ಬದಲಾವಣೆಗೆ ಹೊಂದಿಕೊಳ್ಳುವ ವಿಷಯದ ಯೋಜನೆಯೊಂದರಲ್ಲಿ ತಿಪ್ಪಗೊಂಡನಹಳ್ಳಿಯ ಮೇಲಿನ ೧೪೪೭ ಚದರ ಕಿಲೋಮೀಟರು ಪ್ರದೇಶವನ್ನು ಕೈಗೆತ್ತಿಕೊಂಡರು. ಅವರ ವಿಚಾರಣೆಯ ಕ್ರಮ ಪೊಲೀಸಿನವರ ವಿಚಾರಣೆಯಂತಿತ್ತು. ಸಂಶಯಕ್ಕೆ ಗುರಿಯಾದವರು ಐವರು: ಕಡಿಮೆಯಾದ ಮಳೆ, ಹೆಚ್ಚಿದ ಸೆಕೆ, ಕೊಳವೆಬಾವಿಗಳು, ನೀಲಗಿರಿ ತೋಪುಗಳು, ಹಳ್ಳಗಳಿಗೆ ಅಡ್ಡಲಾಗಿ ಕಟ್ಟಿದ ಒಡ್ಡುಗಳು. ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದರು: ನೀನೊಬ್ಬನೇ ಬದಲಾಗಿ ಮಿಕ್ಕವರೆಲ್ಲ ಹಿಂದಿನಂತೆಯೇ ಇದ್ದಿದ್ದರೆ ನದಿ ಇಷ್ಟು ಬತ್ತುತ್ತಿತ್ತೇ? ನಿಜವಾದ ನೆಲದ ಮೇಲೆ ಈ ಪ್ರಶ್ನೆಯನ್ನು ಕೇಳುವಂತಿಲ್ಲ; ಅಲ್ಲಿ ಎಲ್ಲವೂ ಒಟ್ಟಿಗೆ ಬದಲಾಗಿಬಿಟ್ಟಿವೆ. ಅಂಕಿಯ ನೆಲದ ಮೇಲೆ ಮಾತ್ರ ಕೇಳಬಹುದು. ೨೦೧೫ರಲ್ಲಿ ಪ್ರಕಟವಾದ ಉತ್ತರ ಹೀಗಿತ್ತು: ಮಳೆಯ ಪ್ರಮಾಣದಲ್ಲಿ ನದಿ ಬತ್ತುವಂಥ ಇಳಿತವೇನೂ ಆಗಿಲ್ಲ, ಸೆಕೆಯ ಏರಿಕೆಯೂ ಇದಕ್ಕೆ ಸಾಲದು. ಮುಖ್ಯ ಕಾರಣ ಕೊಳವೆಬಾವಿಗಳು ಮತ್ತು ನೀಲಗಿರಿ. ಒಡ್ಡುಗಳ ಪಾಲು ಅದಕ್ಕಿಂತ ಕಡಿಮೆ.

ನೀಲಗಿರಿಯ ವಿಷಯದಲ್ಲಿ ನಮ್ಮ ಜಿಲ್ಲೆಯ ಹೊಸಕೋಟೆ ಲೋಕಪ್ರಸಿದ್ಧವಾದ ಪ್ರಯೋಗವೊಂದಕ್ಕೆ ನೆಲೆಯಾಗಿತ್ತೆಂಬುದು ಹೊಸಕೋಟೆಯವರಿಗೇ ತಿಳಿದಿರಲಾರದು. ೧೯೮೦ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಜಲವಿಜ್ಞಾನಿ ಇಯನ್ ಕಾಲ್ಡರ್ ಮತ್ತು ಅವರ ಸಂಗಡಿಗರು, ನಮ್ಮ ಅರಣ್ಯ ಇಲಾಖೆಯವರ ನೆರವಿನಿಂದ, ಅಲ್ಲಿಯ ಆಳವಾದ ಮಣ್ಣಿನ ಮೇಲೆ ಬೆಳೆದ ತೋಪು ಕುಡಿಯುವ ನೀರನ್ನು ಅಳೆದರು. ಮೂರು ವರ್ಷದಲ್ಲಿ ಬಿದ್ದ ಮಳೆ ಸುಮಾರು ೨೧೦೦ ಮಿಲಿಮೀಟರು. ಮರಗಳು ಕುಡಿದದ್ದು ಸುಮಾರು ೩೪೦೦! ಬಿದ್ದುದಕ್ಕಿಂತ ಹೆಚ್ಚು ಕುಡಿಯಲು ನೀರು ಎಲ್ಲಿಂದ ಬಂತು? ಬೇರುಗಳು ವರ್ಷಕ್ಕೆ ಎರಡೂವರೆ ಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, ಎಷ್ಟೋ ವರ್ಷಗಳಿಂದ ಮಣ್ಣಿನಲ್ಲಿ ಸೇರಿಕೊಂಡಿದ್ದ ತೇವವನ್ನು ಹೀರುತ್ತಿದ್ದವು. ಆ ಅಧ್ಯಯನಗಳಲ್ಲಿ ರಾಗಿಯ ಹೊಲ ಬಳಸಿದ ನೀರು ಮರಗಳ ಬಳಕೆಯ ಅರ್ಧದಷ್ಟು ಮಾತ್ರ. ಸಸಿಗಳನ್ನು ಕಿತ್ತೆಸೆದು ರೈತಸಂಘದವರು ಪ್ರತಿಭಟಿಸಿದ್ದೂ ಅದೇ ದಶಕದಲ್ಲಿ. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು ೨೦೧೭ರಲ್ಲಿ. ಆ ವೇಳೆಗೆ ಹಗೇವುಗಳಿದ್ದ ಹೊಲಗಳಲ್ಲಿ ಎರಡು ಮೂರು ಸಲ ಕೂಳೆ ಕಡಿದಾಗಿತ್ತು.

ಇಲ್ಲಿ ನಾವು ರೈತನನ್ನು ಹಳಿಯಲು ಹೊರಟರೆ ಅನ್ಯಾಯವಾದೀತು. ಅವನು ನೀಲಗಿರಿ ನೆಟ್ಟದ್ದೇಕೆ? ಮಳೆ ನಂಬುವಂತಿಲ್ಲ, ಕಳೆ ಕೀಳಲು ಆಳು ಸಿಕ್ಕುವುದಿಲ್ಲ, ಮಗ ದೊಡ್ಡಬಳ್ಳಾಪುರದ ಮಗ್ಗಕ್ಕೋ ಪೀಣ್ಯದ ಕಾರ್ಖಾನೆಗೋ ಹೋಗಿದ್ದಾನೆ. ಸಸಿ ನೆಟ್ಟು ಬಂದರೆ ಕೆಲವು ವರ್ಷ ಆ ಕಡೆ ತಿರುಗಿ ನೋಡಬೇಕಾಗಿಲ್ಲ, ಕಡಿಯುವ ದಿನ ಗುತ್ತಿಗೆಯವನು ಮನೆ ಬಾಗಿಲಿಗೆ ಹಣ ತರುತ್ತಾನೆ. ತೆರೆದ ಬಾವಿ ಬತ್ತಿದಾಗ ಕೊಳವೆಬಾವಿ ಕೊರೆಸಿದ್ದೂ ಹೀಗೆಯೇ. ಹಿಪ್ಪುನೇರಳೆಗೆ, ದ್ರಾಕ್ಷಿಗೆ, ಸೊಪ್ಪು ತರಕಾರಿಗೆ ಬೆಂಗಳೂರಿನ ಪೇಟೆ ಬಾಯಿ ತೆರೆದುಕೊಂಡಿತ್ತು. ಬರವನ್ನು ಗೆಲ್ಲಲು ಮನೆಯೊಂದಕ್ಕೆ ಸಿಕ್ಕ ಅತ್ಯಂತ ಬುದ್ಧಿವಂತ ಉಪಾಯಗಳಿವು. ಅವನು ಹೊಂದಿಕೊಂಡ. ಅವನಂತೆ ಹತ್ತಾರು ಸಾವಿರ ಮಂದಿ ಹೊಂದಿಕೊಂಡರು. ಆ ಹೊಂದಾಣಿಕೆಗಳೆಲ್ಲ ಕೂಡಿ, ಮಳೆಯಿಂದಾಗದ ಕೆಲಸವನ್ನು ಮಾಡಿ ಮುಗಿಸಿದವು. ನನ್ನ ಅಭಿಪ್ರಾಯದಲ್ಲಿ ಅರ್ಕಾವತಿಯ ಲೆಕ್ಕ ತೋರಿಸಿಕೊಟ್ಟ ವಿಷಯಗಳಲ್ಲಿ ಇದೇ ಮುಖ್ಯವಾದುದು, ಸಭೆಗಳಲ್ಲಿ ಅತ್ಯಂತ ಕಡಿಮೆ ಚರ್ಚೆಯಾಗುವುದೂ ಇದೇ. ‘ರೈತರನ್ನು ಹವಾಗುಣಕ್ಕೆ ಹೊಂದಿಕೊಳ್ಳುವಂತೆ ಮಾಡಬೇಕು’ ಎಂದು ಭಾಷಣ ಮಾಡುವವರು, ಯಾರ ಹೊಂದಾಣಿಕೆ ಯಾರ ಬಾವಿಯನ್ನು ಒಣಗಿಸುತ್ತದೆ ಎಂದು ಕೇಳುವುದಿಲ್ಲ.

ಯಂತ್ರವನ್ನು ಹೊಗಳಿದ್ದಾಯಿತು, ಅದರ ಮಿತಿಯನ್ನೂ ಹೇಳಬೇಕು. ಹೊಂದಾಣಿಕೆಯ ಲೆಕ್ಕಗಳಲ್ಲಿ ಹೆಚ್ಚಿನವುಗಳೊಳಗಿನ ರೈತ ಲಾಭನಷ್ಟವನ್ನು ತೂಗುವವನು. ದೇವನಹಳ್ಳಿಯಲ್ಲಿ ೨೦೦೮ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಚಕ್ಕೋತದ ತೋಟದ ಎಕರೆಗೆ ಬಂದ ಬೆಲೆಯನ್ನು ಅಂಥವನ ಮುಂದಿಟ್ಟರೆ ಅವನು ಮಾರಿ ಎದ್ದುಹೋಗುತ್ತಾನೆ. ಎಷ್ಟೋ ಮಂದಿ ಹೋದದ್ದೂ ಉಂಟು. ಆದರೆ ಅದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಹಳ್ಳಿಗಳ ರೈತರು, ಕೈಗಾರಿಕೆಗೆಂದು ಗುರುತಿಸಿದ್ದ ೧೭೭೭ ಎಕರೆಯನ್ನು ಕೊಡುವುದಿಲ್ಲವೆಂದು ೨೦೨೨ರಿಂದ ಮೂರು ವರ್ಷಕ್ಕೂ ಮೀರಿ ಧರಣಿ ಕುಳಿತರು. ೨೦೨೫ರ ಜುಲೈಯಲ್ಲಿ ಸರ್ಕಾರ ಆ ಭೂಸ್ವಾಧೀನವನ್ನು ಕೈಬಿಟ್ಟಿತು. ಹೊಲ, ತರಕಾರಿ, ಹಾಲು, ರೇಷ್ಮೆಗಳಿಂದ ಬದುಕುತ್ತಿರುವ ಮನೆಗಳು ಅವು. ಕೊಡುವುದಿಲ್ಲವೆಂಬ ಆ ಹಟವನ್ನು ಯಂತ್ರದಲ್ಲಿ ಯಾವ ಅಂಕಿಯಾಗಿ ಬರೆಯುವುದು? ಬೇರಂಬಾಡಿಯ ವಿಜ್ಞಾನಿಗಳಂತೆ ಜಗಲಿಯ ಮೇಲೆ ಕುಳಿತು ಕೇಳಿ ಬರೆದುಕೊಂಡವರಿಗೆ ಅದರ ಸ್ವಲ್ಪ ಭಾಗ ಸಿಕ್ಕೀತು. ಹೊಲ ಉಳುವವರ ಮನೆಯಲ್ಲಿ ಬೀಜದ ರಾಗಿಯನ್ನು ಆರಿಸಿಡುವ, ಒಡವೆ ಅಡವಿಡುವುದಕ್ಕೆ ಒಪ್ಪುವ ಅಥವಾ ಒಪ್ಪದಿರುವ ಹೆಂಗಸರನ್ನು ಅವರೂ ಎಷ್ಟರಮಟ್ಟಿಗೆ ಕೇಳಿದರೋ ಎಂಬ ಅನುಮಾನ ನನಗೆ ಉಳಿದೇ ಇದೆ.

ನೆಲಮಂಗಲ ತಾಲ್ಲೂಕಿನ ಚಿಕ್ಕಮಾರನಹಳ್ಳಿಯಲ್ಲಿ ಲೆಕ್ಕವೂ ಹೊಲವೂ ಒಂದಕ್ಕೊಂದು ಹತ್ತಿರ ಬಂದಿವೆ. ೨೦೧೧ರಲ್ಲಿ ಆರಂಭವಾದ ರಾಷ್ಟ್ರೀಯ ಯೋಜನೆಯೊಂದರಲ್ಲಿ, ಹೆಬ್ಬಾಳದಾಚೆಯ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಒಣಬೇಸಾಯ ವಿಭಾಗದವರು ಆ ಊರನ್ನು ಆರಿಸಿಕೊಂಡರು. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ, ತೊಗರಿಯ ಜೋಡಿಸಾಲಿನ ನಡುವೆ ನೀರು ನಿಲ್ಲಲು ಒಂದು ಕಾಲುವೆ. ಮಳೆ ತಡವಾದರೆ ಬೇಗ ಕೊಯ್ಲಿಗೆ ಬರುವ ತಳಿ. ಓಡುವ ನೀರಿಗೆ ಕೃಷಿಹೊಂಡ. ತಾತನ ಅಕ್ಕಡಿಯನ್ನೇ ಅಳತೆಗೆ ತಂದು ಮರಳಿ ಕೊಟ್ಟಂತಾಯಿತು. ಕೊಳವೆಬಾವಿಯ ಹಾಗೆ ಇದರಲ್ಲಿ ಒಬ್ಬನ ರಕ್ಷಣೆ ಇನ್ನೊಬ್ಬನ ನೀರನ್ನು ಅಷ್ಟಾಗಿ ಕಸಿಯುವುದಿಲ್ಲ.

೨೦೨೨ರಲ್ಲಿ ಕೆರೆಗಳು ಕೋಡಿ ಬೀಳುವಂತೆ ಮಳೆ ಸುರಿಯಿತು. ಮರುವರ್ಷವೇ ರಾಜ್ಯದ ೨೩೬ ತಾಲ್ಲೂಕುಗಳ ಪೈಕಿ ೨೨೩ನ್ನು ಬರಪೀಡಿತವೆಂದು ಸಾರಬೇಕಾಯಿತು. ಈಗ ಗ್ರಾಮಪಂಚಾಯಿತಿಗೊಂದರಂತೆ ನಿಲ್ಲಿಸಿರುವ ಮಳೆಮಾಪಕಗಳು ತಾವೇ ಅಳೆದು ಯಲಹಂಕದ ವಿಪತ್ತು ಉಸ್ತುವಾರಿ ಕೇಂದ್ರಕ್ಕೆ ಅಂಕಿ ಕಳುಹಿಸುತ್ತವೆ. ಯಂತ್ರಕ್ಕೆ ಮಳೆಯ ಕೊರತೆಯಿಲ್ಲ. ಆ ಪಂಚಾಯಿತಿಯಲ್ಲಿ ಕೊಳವೆಬಾವಿಗಳೆಷ್ಟು, ಯಾವ ಆಳದಲ್ಲಿವೆ, ಅವುಗಳಲ್ಲಿ ಬತ್ತಿದವೆಷ್ಟು ಎಂಬ ಪಟ್ಟಿಯನ್ನು ಕೇಳಿದರೆ ಮಾತ್ರ, ಊರಿನವರು ಈಗಲೂ ಬೆರಳು ಮಡಿಸಿ ಎಣಿಸತೊಡಗುತ್ತಾರೆ.